ಆರು ಕಿಲೋಮೀಟರಿನ ನದಿಗೆ ಹಕ್ಕುದಾರರೆಷ್ಟು

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಗಾಲ್ವೇ ಎಂಬ ಊರಿದೆ. ಅದರ ನಡುವೆ ಹರಿಯುವ ಕೊರಿಬ್ ನದಿಯ ಉದ್ದ ಸುಮಾರು ಆರು ಕಿಲೋಮೀಟರ್. ಬೆಳಗಿನ ತಿಂಡಿ ಮುಗಿಸಿ ನದಿ ಹುಟ್ಟುವ ಜಾಗದಿಂದ ಕಾಲು ಹಾಕಿದರೆ ಹತ್ತೂವರೆಯ ಕಾಫಿಯ ಹೊತ್ತಿಗೆ ಸಮುದ್ರ ಮುಟ್ಟಬಹುದು. ಯುರೋಪಿನ ಅತಿ ಗಿಡ್ಡ ನದಿಗಳಲ್ಲಿ ಇದೂ ಒಂದು. ಆದರೆ ಉದ್ದ ನೋಡಿ ನದಿಯನ್ನು ಅಳೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಊರಿನ ಸೇತುವೆಯ ಕೆಳಗೆ ಸೆಕೆಂಡಿಗೆ ಸರಾಸರಿ ನೂರು ಘನಮೀಟರ್ ನೀರು, ಅಂದರೆ ಒಂದು ಲಕ್ಷ ಲೀಟರ್, ನೊರೆಯೆಬ್ಬಿಸಿಕೊಂಡು ಹೋಗುತ್ತದೆ. ಹರಿವಿನ ಲೆಕ್ಕ ಹಾಕಿದರೆ ಕೊರಿಬ್ ಐರ್ಲೆಂಡಿನ ದೊಡ್ಡ ನದಿಗಳ ಪಂಕ್ತಿಯಲ್ಲಿ ಕೂರುತ್ತದೆ.

ಗಾಲ್ವೇ ಎಂಬ ಹೆಸರು ನಮ್ಮಲ್ಲಿ ಬಹಳ ಜನರ ಕಿವಿಗೆ ಮೊದಲು ಬಿದ್ದದ್ದು 2012ರ ಕೊನೆಯಲ್ಲಿ, ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಅಲ್ಲಿ ತೀರಿಕೊಂಡ ಸುದ್ದಿಯ ಜೊತೆ. ಒಂದು ದೇಶದ ಗರ್ಭಪಾತದ ಕಾನೂನು ಬದಲಾಗಲು ಆ ಸಾವು ಕಾರಣವಾಯಿತು. ಅದನ್ನು ಹೇಳಲು ಬೇರೆಯದೇ ಪುಸ್ತಕ ಬೇಕು. ಈ ಅಧ್ಯಾಯದಲ್ಲಿ ಆ ಊರಿನ ನೀರಿನ ಕಥೆ ಮಾತ್ರ ಇದೆ.

ಇಷ್ಟು ಗಿಡ್ಡ ನದಿಗೆ ಇಷ್ಟೊಂದು ನೀರು ಬರುವುದು ಊರಿನ ಉತ್ತರಕ್ಕಿರುವ ಕೊರಿಬ್ ಸರೋವರದಿಂದ. ಅದರ ಹರವು ಸುಮಾರು 176 ಚದರ ಕಿಲೋಮೀಟರ್. ಐರ್ಲೆಂಡ್ ಗಣರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಸರೋವರವಿಲ್ಲ. ಕನ್ನೆಮಾರಾದ ಬೆಟ್ಟಗಳ ಮೇಲೆ, ಪಕ್ಕದ ಮೇಯೋ ಜಿಲ್ಲೆಯ ಬಯಲಿನ ಮೇಲೆ, ಎಲ್ಲ ಸೇರಿ ಮೂರು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ನೆಲದ ಮೇಲೆ ಬಿದ್ದ ಅಟ್ಲಾಂಟಿಕ್ ಮಳೆ ಹಳ್ಳತೊರೆಗಳಲ್ಲಿ, ನೆಲದೊಳಗಿನ ಬಿರುಕುಗಳಲ್ಲಿ ಹರಿದು ಬಂದು ಇಲ್ಲಿ ನಿಲ್ಲುತ್ತದೆ. ನಿಂತ ನೀರಿಗೆ ಸಮುದ್ರಕ್ಕೆ ಇರುವುದು ಒಂದೇ ದಾರಿ. ನಮ್ಮ ಕೆರೆಗಳ ಭಾಷೆಯಲ್ಲಿ ಹೇಳುವುದಾದರೆ ಕೊರಿಬ್ ನದಿ ಎಂಬುದು ಕೊರಿಬ್ ಸರೋವರದ ಕೋಡಿ. ಗಾಲ್ವೇ ಊರು ಕೋಡಿಯ ಮೇಲೇ ಮನೆ ಕಟ್ಟಿಕೊಂಡಿದೆ.

ಇದರ ಅರ್ಥ ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. 176 ಚದರ ಕಿಲೋಮೀಟರಿನ ಸರೋವರದಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿಯಿತು ಎಂದರೆ ಹೊರಬಂದ ನೀರು 17.6 ಲಕ್ಷ ಘನಮೀಟರ್. ಸೆಕೆಂಡಿಗೆ ನೂರು ಘನಮೀಟರಿನಂತೆ ಹರಿಸಿದರೆ ಇದು ಸುಮಾರು ಐದು ಗಂಟೆ ಕಾಲ ನದಿಯನ್ನು ನಡೆಸುತ್ತದೆ. ಒಂದು ಮೀಟರ್ ಇಳಿದರೆ ಇಪ್ಪತ್ತು ದಿನ! ಮೇಲಿನಿಂದ ಒಂದು ಹನಿಯೂ ಬಾರದಿದ್ದರೂ ಇಷ್ಟು. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಬೆಟ್ಟದಲ್ಲಿ ರಾತ್ರಿಯಿಡೀ ಮಳೆ ಹೊಡೆದರೂ ಊರಿನ ಸೇತುವೆಗೆ ಅದರ ಸುದ್ದಿ ತಲುಪಲು ಎಷ್ಟೋ ದಿನ ಬೇಕು. ಮಳೆಯ ಗದ್ದಲವನ್ನೆಲ್ಲ ಸರೋವರ ನುಂಗಿಕೊಂಡು, ನದಿಗೆ ನಿಧಾನದ ಏರಿಳಿತವನ್ನಷ್ಟೇ ಬಿಟ್ಟುಕೊಡುತ್ತದೆ. ಚಳಿಗಾಲಕ್ಕೂ ಬೇಸಿಗೆಗೂ ಹರಿವಿನಲ್ಲಿ ಹಲವು ಪಟ್ಟು ವ್ಯತ್ಯಾಸ ಇದ್ದೇ ಇದೆ. ಆದರೆ ಗಂಟೆಯೊಳಗೆ ಉಕ್ಕಿ ಗಂಟೆಯೊಳಗೆ ಬತ್ತುವ ಬೆಟ್ಟದ ಹಳ್ಳದ ಸ್ವಭಾವ ಇದಕ್ಕಿಲ್ಲ. ಗಿರಣಿ ನಡೆಸುವವನಿಗೂ ಮೀನು ಹಿಡಿಯುವವನಿಗೂ ಇಂಥ ನಂಬಿಕಸ್ಥ ನೀರು ಬೇರೆಲ್ಲಿ ಸಿಗಬೇಕು? ಹಾಗಾಗಿ ಇಬ್ಬರೂ ಇಲ್ಲೇ ಬಂದು ನೆಲೆಸಿದರು. ಜಗಳ ಶುರುವಾದದ್ದೂ ಅಲ್ಲಿಂದಲೇ.

ಆದರೂ ಈ ನಂಬಿಕಸ್ಥ ನದಿ ಒಮ್ಮೆ ಕೈಕೊಟ್ಟಿತ್ತಂತೆ. 12ನೇ ಶತಮಾನದ ಕೊನೆಯ ಘಟನೆಗಳನ್ನು ಹೇಳುವಾಗ ಐರಿಷ್ ವಾರ್ಷಿಕ ವೃತ್ತಾಂತಗಳು ಗಾಲ್ವೇ ನದಿ ಒಂದು ಹಗಲು ಪೂರ್ತಿ ಬತ್ತಿತ್ತೆಂದೂ, ಜನ ತಳಕ್ಕಿಳಿದು ಮೀನನ್ನೂ ಎಂದೋ ಕಳೆದುಹೋದ ವಸ್ತುಗಳನ್ನೂ ಆಯ್ದುಕೊಂಡರೆಂದೂ ದಾಖಲಿಸಿವೆ. ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕುವ ಮೊದಲು ಸರೋವರದ ಆಕಾರವನ್ನು ನೋಡಬೇಕು. ಅದು ಉತ್ತರ-ದಕ್ಷಿಣಕ್ಕೆ ಚಾಚಿದ ಉದ್ದನೆಯ ಸರೋವರ. ಉತ್ತರದ ಭಾಗ ಆಳ, ನದಿ ಹೊರಡುವ ದಕ್ಷಿಣದ ಭಾಗ ತೀರಾ ಆಳವಿಲ್ಲದ್ದು. ಜೋರಾದ ಗಾಳಿ ಒಂದೇ ದಿಕ್ಕಿಗೆ ಗಂಟೆಗಟ್ಟಲೆ ಬೀಸಿದರೆ ನೀರು ಗಾಳಿ ಹೋಗುವ ದಡಕ್ಕೆ ಒತ್ತರಿಸಿಕೊಂಡು, ಎದುರು ದಡದಲ್ಲಿ ಮಟ್ಟ ಇಳಿಯುತ್ತದೆ. ನೀರು ಆಳವಿಲ್ಲದಷ್ಟೂ ಈ ಓಲಾಟ ಹೆಚ್ಚು. ಇನ್ನೊಂದು ಸಾಧ್ಯತೆ ಹಿಮದ್ದು. ಸೊನ್ನೆ ಡಿಗ್ರಿಗಿಂತ ಕೂದಲೆಳೆಯಷ್ಟು ಕೆಳಕ್ಕೆ ತಣಿದ ಹರಿಯುವ ನೀರಿನಲ್ಲಿ ಸೂಜಿಯಂಥ ಮಂಜುಕಣಗಳು ಹುಟ್ಟಿ, ತಳದ ಕಲ್ಲುಗಳಿಗೆ ಅಂಟಿ, ಕಿರಿದಾದ ಹೊರದಾರಿಯನ್ನೇ ಕಟ್ಟಿಹಾಕಬಲ್ಲವು. ಎರಡರಲ್ಲಿ ಯಾವುದು ಎಂದು ಎಂಟುನೂರು ವರ್ಷದ ಮೇಲೆ ತೀರ್ಪು ಕೊಡುವುದು ಹುಡುಗಾಟವಾದೀತು. ನಡೆಯಬಹುದಾದದ್ದು ಎಂಬುದಷ್ಟೇ ಇಲ್ಲಿ ಮುಖ್ಯ.

ಅದೇ ಕಾಲದ ಇನ್ನೊಂದು ಕಥೆಯ ಬಗ್ಗೆ ನನಗೆ ಅನುಮಾನ ಹೆಚ್ಚು. ಊರಿನ ಮೇಲ್ಗಡೆ ನದಿಯ ಒಂದು ಸುತ್ತುದಾರಿಯನ್ನು ತಪ್ಪಿಸಿ ನೇರ ಮಾಡಿರುವ ಫ್ರಯರ್ಸ್ ಕಟ್ ಎಂಬ ಅಗೆತವಿದೆ. ದೋಣಿಯಲ್ಲಿ ಊರಿಗೆ ಬೇಗ ತಲುಪಲೆಂದು ಕ್ಲೇರ್‌ಗಾಲ್ವೇ ಮಠದ ಸನ್ಯಾಸಿಗಳು 1178ರಲ್ಲಿ ತೋಡಿಸಿದ್ದು, ಐರ್ಲೆಂಡಿನ ಮೊದಲ ಕಾಲುವೆ ಎಂದು ಹೇಳುವುದುಂಟು. ಮಠ ಫ್ರಾನ್ಸಿಸ್ಕನ್ನರದು. ಆ ಪಂಥ ಹುಟ್ಟಿದ್ದೇ 1209ರಲ್ಲಿ. ಕ್ಲೇರ್‌ಗಾಲ್ವೇಯಲ್ಲಿ ಮಠ ಎದ್ದದ್ದು 1250ರ ಆಸುಪಾಸಿನಲ್ಲಿ. ಕಾಲುವೆ ಹಳೆಯದೇ ಇರಬಹುದು, ಇಸವಿ ಮಾತ್ರ ಯಾರೋ ಹತ್ತಿರದ ಗೂಟಕ್ಕೆ ಕಟ್ಟಿಹಾಕಿದ್ದು.

ಈಗ ನೆಲಕ್ಕೆ ಬರೋಣ. ನದಿಯ ಪಶ್ಚಿಮಕ್ಕೆ ಗಾಲ್ವೇ ಗ್ರಾನೈಟ್ ಮತ್ತು ಅದರ ನೆಂಟ ಗಟ್ಟಿಶಿಲೆಗಳು, ಸುಮಾರು 40 ಕೋಟಿ ವರ್ಷ ಹಳೆಯವು. ಪೂರ್ವಕ್ಕೆ ಸುಣ್ಣಕಲ್ಲಿನ ಬಯಲು, ಬೆಚ್ಚಗಿನ ಆಳವಿಲ್ಲದ ಸಮುದ್ರದ ತಳದಲ್ಲಿ 33-34 ಕೋಟಿ ವರ್ಷದ ಹಿಂದೆ ಚಿಪ್ಪುಜೀವಿಗಳ ಅವಶೇಷದಿಂದ ಕಟ್ಟಿಕೊಂಡದ್ದು. ಎರಡು ಕಲ್ಲುಗಳ ಗಡಿಯ ಉದ್ದಕ್ಕೂ ಸರೋವರ ಮತ್ತು ನದಿ ಮಲಗಿವೆ. ಗ್ರಾನೈಟಿನ ಮೇಲೆ ಬಿದ್ದ ಮಳೆ ಜವುಗು ಪೀಟ್ ನೆಲದ ಮೂಲಕ ಹಾದು ಚಹಾದ ಬಣ್ಣ ಪಡೆದು, ತುಸು ಹುಳಿಯಾಗಿ, ಖನಿಜವಿಲ್ಲದ ಮೆದುನೀರಾಗಿ ಬರುತ್ತದೆ. ಸುಣ್ಣಕಲ್ಲಿನ ಕಡೆಯದು ತಿಳಿನೀರು, ಆದರೆ ಗಡುಸು. ಕುದಿಸಿದ ಪಾತ್ರೆಯಲ್ಲಿ ಬಿಳಿ ಹೊಪ್ಪಳೆ ಬಿಡುವಂಥದ್ದು.

ಸುಣ್ಣಕಲ್ಲು ನೀರಿಗೆ ಕರಗುತ್ತದೆ ಎನ್ನುವುದು ಶಾಲೆಯ ಪಾಠ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲ ಆಮ್ಲವಾಗುತ್ತದೆ. ಬಿರುಕಿಗೆ ಇಳಿದು ಕಲ್ಲನ್ನು ಸಾವಿರಾರು ವರ್ಷ ನೆಕ್ಕುತ್ತದೆ. ಬಿರುಕು ಕೊಳವೆಯಾಗಿ, ಕೊಳವೆ ಗುಹೆಯಾಗಿ ಬೆಳೆಯುತ್ತದೆ. ಈ ಪಾಠವನ್ನು 19ನೇ ಶತಮಾನದ ಎಂಜಿನಿಯರುಗಳು ದುಬಾರಿ ಶುಲ್ಕ ಕೊಟ್ಟು ಕಲಿತರು. ಕೊರಿಬ್ ಸರೋವರದ ಉತ್ತರಕ್ಕೆ, ಅದಕ್ಕಿಂತ ಎತ್ತರದಲ್ಲಿ, ಮಾಸ್ಕ್ ಎಂಬ ಇನ್ನೊಂದು ದೊಡ್ಡ ಸರೋವರವಿದೆ. ಎರಡರ ನಡುವೆ ಕಾಂಗ್ ಎಂಬ ಹಳ್ಳಿಯಿರುವ ಕಿರಿದಾದ ಸುಣ್ಣಕಲ್ಲಿನ ಪಟ್ಟಿ. ಕಾಲುವೆ ತೋಡಿ ಎರಡನ್ನೂ ಕೂಡಿಸಿದರೆ ಮೇಯೋದ ಒಳನಾಡಿನಿಂದ ಗಾಲ್ವೇ ಸಮುದ್ರದವರೆಗೆ ದೋಣಿ ಬಿಡಬಹುದು ಎಂಬುದು ಯೋಜನೆ. ಆಲೂಗಡ್ಡೆ ರೋಗದ ಮಹಾಕ್ಷಾಮದ ನಡುವೆ, 1848ರಲ್ಲಿ, ಹಸಿದ ಕೂಲಿಗಳ ಕೈಯಲ್ಲಿ ಕೆಲಸ ಶುರುವಾಯಿತು. ಕಲ್ಲು ಕಡಿದರು, ನೀರು ತುಂಬಿಸಿ, ಖಾಲಿ ಮಾಡಿ ದೋಣಿಗಳನ್ನು ಏರಿಸಿ ಇಳಿಸುವ ಲಾಕ್ ಎಂಬ ತೊಟ್ಟಿಗಳನ್ನು ಅಂದವಾದ ಬಂಡೆಗಟ್ಟಿನಲ್ಲಿ ಕಟ್ಟಿದರು. ನೀರು ನಿಲ್ಲಲಿಲ್ಲ. ತಳದ ಬಿರುಕುಗಳು ಅದನ್ನು ಕುಡಿದುಬಿಟ್ಟವು. 1854ರಲ್ಲಿ ಕೆಲಸ ನಿಂತಿತು. ರೈಲು ಬಂದು ದೋಣಿಯ ವ್ಯಾಪಾರಕ್ಕೆ ಕುತ್ತಾದದ್ದೂ, ಹಣ ಮುಗಿದದ್ದೂ ಕಾರಣಗಳೇ; ಎಲ್ಲ ಅಪವಾದವನ್ನೂ ಸುಣ್ಣಕಲ್ಲಿನ ತಲೆಗೆ ಕಟ್ಟಿದರೆ ಅನ್ಯಾಯ. ಇಂದಿಗೂ ಬೇಸಿಗೆಯಲ್ಲಿ ಕಾಂಗ್‌ಗೆ ಹೋದವರು ಲಾಕ್‌ನೊಳಗೆ ಚಪ್ಪಲಿ ಹಾಕಿಕೊಂಡು ನಡೆದಾಡಬಹುದು. ಮಾಸ್ಕಿನ ನೀರು ಮಾತ್ರ ತನ್ನ ಹಳೆಯ ನೆಲಮಾಳಿಗೆಯ ದಾರಿಯಲ್ಲೇ ಹರಿದು, ಕಾಂಗ್‌ನಲ್ಲಿ ದೊಡ್ಡ ಬುಗ್ಗೆಗಳಾಗಿ ಎದ್ದು ಕೊರಿಬ್ ಸೇರುತ್ತದೆ.

ಅದೇ ಯೋಜನೆಯ ಇನ್ನೊಂದು ತುದಿ ಗಾಲ್ವೇಯಲ್ಲಿ ಗೆದ್ದಿತು. ಸರೋವರದಿಂದ ಬರುವ ನದಿ ಊರಿನ ತಲೆಬಾಗಿಲವರೆಗೆ ಸಮತಟ್ಟು. ಅಲ್ಲಿಂದ ಸಮುದ್ರದವರೆಗಿನ ಒಂದೇ ಕಿಲೋಮೀಟರಿನಲ್ಲಿ ತನ್ನ ಇಳಿತವನ್ನೆಲ್ಲ ಮುಗಿಸಿಕೊಳ್ಳುತ್ತದೆ. ದೋಣಿಗೆ ಇದು ಅಡ್ಡಿ. 1848ರಿಂದ 1852ರ ನಡುವೆ ನದಿಯ ಪಶ್ಚಿಮ ಮಗ್ಗುಲಲ್ಲಿ ಸುಮಾರು 1.2 ಕಿಲೋಮೀಟರ್ ಉದ್ದದ ಕಾಲುವೆ ತೋಡಿ, ಎರಡು ಲಾಕ್‌ಗಳಿಂದ ದೋಣಿಗಳನ್ನು ಮೆಟ್ಟಿಲಿಳಿಸಿದರು. ಬ್ರಿಟಿಷ್ ಪ್ರತಿನಿಧಿ ಎಗ್ಲಿಂಟನ್ ಪ್ರಭು ಬಂದು ಉದ್ಘಾಟಿಸಿದ್ದರಿಂದ ಅದಕ್ಕೆ ಅವನ ಹೆಸರು.

ದೋಣಿಗೆ ಅಡ್ಡಿಯಾದ ಇಳಿತ ಗಿರಣಿಗೆ ವರ. ಒಂದು ಸೆಕೆಂಡಿಗೆ ನೂರು ಘನಮೀಟರ್ ನೀರು ಒಂದು ಮೀಟರ್ ಕೆಳಗಿಳಿದರೆ ಅದರಲ್ಲಿ ಅಡಗಿದ ಸಾಮರ್ಥ್ಯ ಹೆಚ್ಚುಕಡಿಮೆ ಸಾವಿರ ಕಿಲೋವ್ಯಾಟ್. ಗಾಲ್ವೇಯಲ್ಲಿ ಇಳಿತ ಕೆಲವೇ ಮೀಟರ್, ಆದರೆ ನೀರು ಧಾರಾಳ. ಇಂಥ ಕಡೆ ಎತ್ತರದಿಂದ ನೀರು ಸುರಿದು ತಿರುಗಿಸುವ ಚಕ್ರಗಳು ನಡೆಯುವುದಿಲ್ಲ. ತಳದಲ್ಲಿ ಓಡುವ ನೀರು ಹಲಗೆಗಳಿಗೆ ಬಡಿದು ತಿರುಗಿಸುವ ಅಗಲವಾದ ಚಕ್ರಗಳೇ ಬೇಕು. ಆ ಚಕ್ರಗಳಿಗಾಗಿ ಊರಿನವರು ನದಿಯನ್ನು ಸೀಳುತ್ತ ಹೋದರು. ಇಂದಿಗೂ ಗಾಲ್ವೇಯ ನಕ್ಷೆಯಲ್ಲಿ ಮುಖ್ಯ ನದಿಯ ಪಕ್ಕ ನಾಲ್ಕಾರು ಕವಲುಗಾಲುವೆಗಳು, ನಡುವೆ ಗೊಂಬೆಮನೆಯಷ್ಟಗಲದ ದ್ವೀಪಗಳು ಕಾಣುತ್ತವೆ. ಊರು ನೀರಿನ ಮೇಲೆ ತೇಲುತ್ತಿದೆಯೇನೋ ಎನ್ನಿಸುವುದು ಇದರಿಂದಲೇ.

ಏನೇನು ಅರೆದವು ಆ ಚಕ್ರಗಳು! ಗೋಧಿ, ಓಟ್ಸ್. ಬಟ್ಟೆಗೆ ಉಣ್ಣೆ ಹಿಂಜಿದವು, ನೂತವು. ನನ್ಸ್ ಐಲೆಂಡ್ ಎಂಬ ದ್ವೀಪದಲ್ಲಿ ಪರ್ಸ್ ಕುಟುಂಬದ ವಿಸ್ಕಿ ಭಟ್ಟಿಗೆ ನೀರೂ ಬಲವೂ ಒದಗಿತು. ನನಗೆ ಹೆಚ್ಚು ಇಷ್ಟವಾಗುವುದು ಕಲ್ಲಿನ ಗಿರಣಿಗಳ ಕಥೆ. ಸರೋವರದ ದಡದ ಮೆನ್ಲೊ, ಆಂಗ್ಲಿಹ್ಯಾಮ್‌ನ ಗಣಿಗಳಲ್ಲಿ ಕಾಡಿಗೆಯಷ್ಟು ಕಪ್ಪಾದ ಸುಣ್ಣಕಲ್ಲು ಸಿಗುತ್ತಿತ್ತು. ಕಪ್ಪು ಬಣ್ಣ, ಸಮುದ್ರತಳದ ಕೆಸರಿನಲ್ಲಿ ಕೊಳೆಯದೆ ಉಳಿದ ಜೀವಿಗಳ ಇಂಗಾಲದ್ದು. ಕಣ ಎಷ್ಟು ಸಣ್ಣದೆಂದರೆ ಉಜ್ಜಿದರೆ ಕನ್ನಡಿಯಾಗುತ್ತದೆ. ಬಂಡೆಗಳು ದೋಣಿಯಲ್ಲಿ ನದಿಗಿಳಿದು ಊರಿಗೆ ಬಂದು, ನೀರಿನಿಂದಲೇ ನಡೆಯುವ ಗರಗಸಗಳಲ್ಲಿ ಹಲಗೆಯಾಗಿ, ನೀರಿನಿಂದಲೇ ಮಿರುಗು ಪಡೆದು, ಹಡಗು ಹತ್ತಿ ಬ್ರಿಟನ್ನಿನ ಶ್ರೀಮಂತರ ಮನೆಯ ಅಗ್ಗಿಷ್ಟಿಕೆಗಳಿಗೆ ಹೋದವು. ಗಣಿ, ಸಾಗಣೆ, ಕೊಯ್ತ, ಪಾಲಿಶ್, ರಫ್ತು ಎಲ್ಲಕ್ಕೂ ಒಂದೇ ನೀರು.

ಒಂದು ತೊಡಕಿತ್ತು. ಗಾಲ್ವೇ ಕೊಲ್ಲಿಯಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಹೊತ್ತಿನ ಉಬ್ಬರಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗೂ ಹೆಚ್ಚಿನ ವ್ಯತ್ಯಾಸ. ಉಬ್ಬರ ಏರಿದಾಗ ನದಿಯ ಕೆಳಭಾಗದ ನೀರೂ ಏರುತ್ತದೆ. ಚಕ್ರಕ್ಕೆ ಬಲ ಕೊಡುವುದು ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ಅಂತರ. ಅಂತರ ಕುಗ್ಗಿದರೆ ಚಕ್ರ ತನ್ನದೇ ಹಿನ್ನೀರಿನಲ್ಲಿ ಈಜಾಡಿದ ಹಾಗೆ ಮಂದವಾಗುತ್ತದೆ. ಸಮುದ್ರದ ಹತ್ತಿರ ಗಿರಣಿಯಿದ್ದವನು ಹಿಟ್ಟಿನ ಲೆಕ್ಕದ ಜೊತೆ ಚಂದ್ರನ ಲೆಕ್ಕವನ್ನೂ ಇಡಬೇಕಾಗಿತ್ತು.

1880ರ ದಶಕದ ಕೊನೆಗೆ ಈ ನೀರಿಗೆ ಹೊಸ ಉಪಯೋಗ ಕಂಡಿತು. ಪಶ್ಚಿಮ ಗಾಲ್ವೇಯ ಕೌಂಟಿ ಸರ್ವೇಯರ್ ಆಗಿದ್ದ ಜೇಮ್ಸ್ ಪೆರ್ರಿ ನದಿಯ ಬಲದಿಂದ ಡೈನಮೋ ತಿರುಗಿಸಿ ಊರಿಗೆ ವಿದ್ಯುದ್ದೀಪ ಕೊಡುವ ಕಂಪನಿ ಕಟ್ಟುವುದರಲ್ಲಿ ಮುಂದಾಳಾದ. ಐರ್ಲೆಂಡಿನ ಬಹುತೇಕ ಊರುಗಳು ಎಣ್ಣೆ ಮತ್ತು ಅನಿಲದ ದೀಪದಲ್ಲಿದ್ದ ಕಾಲ ಅದು. ಇಲ್ಲಿ ತುಸು ದಾರಿ ತಪ್ಪಿ ಈ ಮನೆತನದ ಕಥೆ ಹೇಳಬೇಕು. ಜೇಮ್ಸನ ಮಗಳು ಆಲಿಸ್ 1906ರಲ್ಲಿ ಗಾಲ್ವೇಯ ಕ್ವೀನ್ಸ್ ಕಾಲೇಜಿನಿಂದ ಎಂಜಿನಿಯರಿಂಗ್ ಪದವಿ ಪಡೆದಳು. ಐರ್ಲೆಂಡ್-ಬ್ರಿಟನ್ ಎರಡರಲ್ಲೂ ಹಾಗೆ ಪದವಿ ಪಡೆದ ಮೊದಲ ಹೆಣ್ಣು. ಅದೇ ವರ್ಷ ತಂದೆ ತೀರಿಕೊಂಡಾಗ ಕೆಲವು ತಿಂಗಳು ಅವನ ಹುದ್ದೆಯನ್ನೂ ನಡೆಸಿದಳು. ಹುದ್ದೆ ಕಾಯಂ ಮಾಡುವ ಹೊತ್ತಿಗೆ ಅದು ಅವಳಿಗೆ ಸಿಗಲಿಲ್ಲ.

ಜೇಮ್ಸನ ತಮ್ಮ ಜಾನ್ ಪೆರ್ರಿ ಇನ್ನೂ ದೊಡ್ಡ ತಂಟೆಗಾರ. ಅಂದಿನ ಭೌತವಿಜ್ಞಾನದ ಚಕ್ರವರ್ತಿ ಲಾರ್ಡ್ ಕೆಲ್ವಿನ್, ಕಾದ ಗುಂಡು ತಣಿಯುವ ವೇಗದಿಂದ ಭೂಮಿಯ ವಯಸ್ಸನ್ನು ಲೆಕ್ಕ ಹಾಕಿ, ಕೊನೆಕೊನೆಗೆ ಅದನ್ನು ಎರಡರಿಂದ ನಾಲ್ಕು ಕೋಟಿ ವರ್ಷಕ್ಕೆ ಇಳಿಸಿದ್ದ. ಹಿಂದೆ ಕೆಲ್ವಿನ್ನನ ಸಹಾಯಕನಾಗಿದ್ದ ಜಾನ್ 1895ರಲ್ಲೇ, ನಿಮ್ಮ ಗಣಿತ ಸರಿ, ಊಹೆ ತಪ್ಪು ಎಂದು ಬರೆದ. ಭೂಮಿಯ ಒಡಲು ಸ್ವಲ್ಪ ಹರಿದಾಡುವಂಥದ್ದಾಗಿದ್ದರೆ ಒಳಗಿನ ಬಿಸಿ ಮೇಲಕ್ಕೆ ಬರುತ್ತಲೇ ಇರುತ್ತದೆ, ಆಗ ವಯಸ್ಸು ನೂರಾರು ಕೋಟಿ ವರ್ಷಕ್ಕೂ ಏರಬಹುದು ಎಂಬುದು ಅವನ ವಾದ. ಕೆಲ್ವಿನ್ ಒಪ್ಪಲಿಲ್ಲ, ಉಳಿದವರು ಚಕ್ರವರ್ತಿಯ ಜೊತೆ ನಿಂತರು. ಅಣ್ಣ ಡೈನಮೋ ಕೂರಿಸಿದ ನದಿಯ ಎರಡೂ ದಡದ ಕಲ್ಲು ಕೆಲ್ವಿನ್ ಕೊಟ್ಟ ವಯಸ್ಸಿನ ಹತ್ತು ಪಟ್ಟು ಹಳೆಯದಾಗಿತ್ತು. ಅದನ್ನು ಅಳೆಯುವ ವಿಕಿರಣದ ವಿದ್ಯೆ ಮಾತ್ರ ಇನ್ನೂ ಹುಟ್ಟಿರಲಿಲ್ಲ.

1929ರಲ್ಲಿ ಶಾನನ್ ನದಿಯ ಆರ್ಡ್‌ನಕ್ರುಶ ವಿದ್ಯುದಾಗಾರ ಶುರುವಾಗಿ ದೇಶಕ್ಕೆಲ್ಲ ತಂತಿ ಎಳೆದ ಮೇಲೆ ಊರೂರಿನ ಪುಟ್ಟ ವಿದ್ಯುತ್ ಕಂಪನಿಗಳಿಗೆ ಕೆಲಸವಿಲ್ಲದಾಯಿತು. ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ಎಗ್ಲಿಂಟನ್ ಕಾಲುವೆಯ ತಿರುಗುಸೇತುವೆಗಳ ಜಾಗಕ್ಕೆ 1950ರ ದಶಕದಲ್ಲಿ ಅಲುಗದ ತಗ್ಗು ಸೇತುವೆಗಳು ಬಂದವು. ಅಲ್ಲಿಗೆ ಹಡಗಿನ ದಾರಿಯೂ ಮುಗಿಯಿತು.

ಹಳೆಯ ಹಕ್ಕುದಾರರಲ್ಲಿ ಉಳಿದುಕೊಂಡವನು ಒಬ್ಬನೇ, ಎಲ್ಲರಿಗಿಂತ ಮೊದಲು ಬಂದವನು: ಸಾಮನ್ ಮೀನು. ಕೊನೆಯ ಹಿಮಯುಗದ ಮಂಜು ಕರಗಿ ನದಿ ಹರಿಯತೊಡಗಿದಾಗಿನಿಂದ ಇದು ಅವನ ಮನೆದಾರಿ. ಸರೋವರಕ್ಕೆ ಬಂದು ಸೇರುವ ಹಳ್ಳಗಳ ಗರಸಿನಲ್ಲಿ ಚಳಿಗಾಲದಲ್ಲಿ ಮೊಟ್ಟೆ. ಮರಿ ಒಂದೆರಡು ವರ್ಷ ಹಳ್ಳದಲ್ಲೇ ಹುಳುಹುಪ್ಪಟೆ ತಿಂದು ಬೆಳೆದು, ಒಂದು ವಸಂತದಲ್ಲಿ ಮೈಯೆಲ್ಲ ಬೆಳ್ಳಿಯಾಗಿ, ಉಪ್ಪುನೀರಿಗೆ ಮೂತ್ರಪಿಂಡ-ಕಿವಿರುಗಳನ್ನು ಸಜ್ಜು ಮಾಡಿಕೊಂಡು, ಊರಿನ ಸೇತುವೆಗಳ ಕೆಳಗೆ ಹಾದು ಸಮುದ್ರಕ್ಕೆ ಹೊರಡುತ್ತದೆ. ನಾರ್ವೆಯ ಕಡಲಿಗೋ ಗ್ರೀನ್‌ಲೆಂಡಿನ ಪಶ್ಚಿಮಕ್ಕೋ ಹೋಗಿ ಕೊಬ್ಬಿ, ಒಂದೆರಡು ವರ್ಷದಲ್ಲಿ ತಾನು ಹುಟ್ಟಿದ ಹಳ್ಳಕ್ಕೇ ಮರಳುತ್ತದೆ. ತೆರೆದ ಸಾಗರದಲ್ಲಿ ಭೂಮಿಯ ಕಾಂತಕ್ಷೇತ್ರ ದಾರಿ ತೋರುತ್ತದೆಂದು ಪ್ರಯೋಗಗಳು ಹೇಳುತ್ತವೆ. ಕರಾವಳಿ ಮುಟ್ಟಿದ ಮೇಲೆ ಮೂಗಿನ ಕೆಲಸ: ಮರಿಯಾಗಿದ್ದಾಗ ಮೂಸಿದ ಹಳ್ಳದ ವಾಸನೆ ಅದಕ್ಕೆ ಮರೆಯುವುದಿಲ್ಲ. ನದಿಗೆ ಹೊಕ್ಕ ಮೇಲೆ ಊಟ ಬಿಡುತ್ತದೆ.

ಹೀಗೆ ಮೂರು ಸಾವಿರ ಚದರ ಕಿಲೋಮೀಟರಿನ ಹಳ್ಳಗಳಿಗೆ ಹೊರಟ ಮೀನೆಲ್ಲ ಗಾಲ್ವೇಯ ಒಂದೇ ಕೋಡಿಯಲ್ಲಿ ನುಸುಳಬೇಕು. ಅದನ್ನು ಅರಿತವರು ಮಧ್ಯಯುಗದಲ್ಲೇ ಅಲ್ಲಿ ಅಡ್ಡಗಟ್ಟೆ ಹಾಕಿದರು. 13ನೇ ಶತಮಾನದಿಂದ ಈ ಮೀನುಗಾರಿಕೆಯ ಹಕ್ಕು ಒಡೆಯರಿಂದ ಒಡೆಯರಿಗೆ ಕೈಬದಲಾಗುತ್ತ ಬಂದಿದೆ. 1852ರಲ್ಲಿ ಅದನ್ನು ಕೊಂಡವರು ಆ್ಯಶ್‌ವರ್ತ್ ಸೋದರರು, ಇಂಗ್ಲೆಂಡಿನ ಹತ್ತಿಗಿರಣಿಗಳ ಮನೆತನದವರು. ಗಿರಣಿಯ ಜನ ಮೀನಿನ ಪಕ್ಷ ಸೇರಿದರು! ಹಿಡಿಯುವುದಕ್ಕಿಂತ ಮೊದಲು ಬೆಳೆಸಬೇಕೆಂದು ಕಂಡುಕೊಂಡ ಅವರು ಮೊಟ್ಟೆಗಳನ್ನು ಕೃತಕವಾಗಿ ಫಲಿಸಿ ಮರಿ ಮಾಡಿಸಿದರು. 1853ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಹೊರತಂದರು. ಮುಂದೆ ಕಾನೂನು ಕೂಡ ಬಂತು. ಅಡ್ಡಗಟ್ಟೆಯಲ್ಲಿ ಒಂದು ಕಂಡಿಯನ್ನು ಯಾವಾಗಲೂ ತೆರೆದಿಡಬೇಕು, ವಾರದಲ್ಲಿ ಕೆಲವು ಹೊತ್ತು ಬಲೆ ಎತ್ತಿಡಬೇಕು ಎಂದು. ಆ ಕಂಡಿಗೆ ರಾಣಿಯ ಕಂಡಿ ಎಂದೇ ಹೆಸರಾಯಿತು.

ಜೂನ್ ತಿಂಗಳಲ್ಲಿ ಸಾಮನ್ ವಿಯರ್ ಸೇತುವೆಯ ಕಟ್ಟೆಗೆ ಒರಗಿ ಕೆಳಗೆ ನೋಡುವುದು ಊರಿನವರಿಗೂ ಪ್ರವಾಸಿಗಳಿಗೂ ಒಂದು ಬಿಟ್ಟಿ ಮನರಂಜನೆ. ತಿಳಿನೀರಿನಲ್ಲಿ ನೂರಾರು ಮೀನು ಪ್ರವಾಹಕ್ಕೆ ಮುಖ ಮಾಡಿ ಸಾಲುಗಟ್ಟಿ ನಿಂತಿರುತ್ತಿದ್ದ ಚಿತ್ರ ಹಳೆಯ ಪೋಸ್ಟ್‌ಕಾರ್ಡುಗಳಲ್ಲಿದೆ. ಈಗ ಅಷ್ಟಿಲ್ಲ. 1975ರಲ್ಲಿ ಐರ್ಲೆಂಡಿನ ತೀರಕ್ಕೆ ಮರಳಿದ ಕಾಡು ಸಾಮನ್ ಸುಮಾರು 17.6 ಲಕ್ಷ; 2022ರಲ್ಲಿ 1.72 ಲಕ್ಷದ ಹತ್ತಿರ. ಸಮುದ್ರದಲ್ಲಿ ತೇಲುಬಲೆ ಬಿಡುವುದನ್ನು 2007ರಿಂದ ನಿಷೇಧಿಸಿದ ಮೇಲೂ ಚೇತರಿಕೆ ಕಾಣಲಿಲ್ಲ. ಸಾಗರದಲ್ಲೇ ಹೆಚ್ಚು ಸಾಯುತ್ತಿವೆ. ಬಿಸಿಯಾಗುತ್ತಿರುವ ಉತ್ತರ ಅಟ್ಲಾಂಟಿಕ್‌ನಲ್ಲಿ ಅವುಗಳ ಆಹಾರದ ಜಾಗ ಪಲ್ಲಟವಾಗುತ್ತಿರುವುದು ಒಂದು ಮುಖ್ಯ ಕಾರಣ. ಸಾಗರವನ್ನು ಗಾಲ್ವೇ ಊರು ಸರಿಪಡಿಸಲಾರದು. ಅದರ ಕೈಯಲ್ಲಿರುವುದು ಒಂದು ಕಿಲೋಮೀಟರ್ ನೀರು, ಮತ್ತು ಒಂದಿಷ್ಟು ಗೇಟುಗಳು.

ಆ ಗೇಟುಗಳ ಮಾತು ಬಂತು. ಕೊರಿಬ್ ಮತ್ತು ಅದಕ್ಕೆ ಪೂರ್ವದಿಂದ ಬಂದು ಸೇರುವ ಕ್ಲೇರ್ ನದಿಯ ಬಯಲಿನಲ್ಲಿ ನೆರೆ ತಗ್ಗಿಸಲೆಂದು ಸರ್ಕಾರ ಕೈಗೊಂಡ ಕಾಮಗಾರಿಯಲ್ಲಿ, 1959ರಲ್ಲಿ, ಊರಿನ ಬಳಿ ನದಿಗೆ ಅಡ್ಡಲಾಗಿದ್ದ ಹಳೆಯ ಅಣೆಯ ಜಾಗದಲ್ಲಿ ಎತ್ತಿ ಇಳಿಸಬಹುದಾದ 16 ಗೇಟುಗಳ ಹೊಸ ಅಣೆ ಎದ್ದಿತು. ಅಲ್ಲಿನ ನೀರಗಂಟಿಯ ಪಾಡನ್ನು ಊಹಿಸಿಕೊಳ್ಳಿ. ಸರೋವರದ ಸುತ್ತಲ ರೈತ ಹುಲ್ಲುಗಾವಲು ಮುಳುಗುತ್ತದೆ, ಗೇಟು ಎತ್ತಿ ಎನ್ನುತ್ತಾನೆ. ಸರೋವರದಲ್ಲಿ ದೋಣಿ ನಡೆಸುವವನು ಬಂಡೆ ತಾಗುತ್ತದೆ, ಇಳಿಸಿ ಎನ್ನುತ್ತಾನೆ. ಅಣೆಯ ಕೆಳಗೆ ಗಾಳ ಹಿಡಿದು ನಿಂತವನಿಗೆ ಮೊಣಕಾಲು ದಾಟದ, ಆದರೆ ಬತ್ತಿಯೂ ಹೋಗದ ನೀರು ಬೇಕು. ಕವಲುಗಾಲುವೆಗಳ ದಡದ ಮನೆಯವರಿಗೆ ವಾಸನೆ ಬಾರದಷ್ಟು ಹರಿವು ಬೇಕು. ಮೀನಿಗೆ ಮತದಾನವಿಲ್ಲ, ಅದಕ್ಕೆ ಬೇಕಾದದ್ದು ಎದುರೀಜಲು ಸಾಧ್ಯವಾಗುವಷ್ಟು ವೇಗ ಮತ್ತು ಉಸಿರಾಡಲು ಸಾಕಷ್ಟು ತಂಪು. ಹತ್ತು ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹನ್ನೊಂದು ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕ ಕರಗುತ್ತದೆ, ಇಪ್ಪತ್ತೈದಕ್ಕೆ ಅದು ಎಂಟರ ಸುತ್ತಮುತ್ತ. ನೀರು ಇಪ್ಪತ್ತು ಡಿಗ್ರಿ ದಾಟಿದರೆ ಸಾಮನ್ ಮೀನು ಸುಸ್ತಾಗಿ ನಿಂತುಬಿಡುತ್ತದೆ. ಗಾಳಕ್ಕೆ ಸಿಕ್ಕದ್ದನ್ನು ಬಿಟ್ಟರೂ ಬದುಕುವ ಖಾತ್ರಿಯಿಲ್ಲ. ಸರೋವರದ ದಕ್ಷಿಣ ಭಾಗ ಆಳವಿಲ್ಲದ್ದರಿಂದ ಬಿಸಿಲಿಗೆ ಬೇಗ ಕಾಯುತ್ತದೆ, ಆ ಬಿಸಿನೀರೇ ನದಿಗೆ ಬರುತ್ತದೆ. ಹೀಗೆ ಒಂದು ಗೇಟನ್ನು ಒಂದು ಗೇಣು ಎತ್ತುವುದಕ್ಕೆ ಹತ್ತು ದಿಕ್ಕಿನಿಂದ ಆಕ್ಷೇಪಣೆ.

ಇವರೆಲ್ಲರಿಗಿಂತ ದೊಡ್ಡ ಹಕ್ಕುದಾರ ನಲ್ಲಿ ತಿರುಗಿಸುವವನು. ಊರಿನ ಕುಡಿಯುವ ನೀರು ಇದೇ ನದಿಯದು, ಟೆರಿಲ್ಯಾಂಡಿನ ಶುದ್ಧೀಕರಣ ಘಟಕದಿಂದ ಬರುತ್ತದೆ. 2007ರ ಮಾರ್ಚ್‌ನಲ್ಲಿ ಗಾಲ್ವೇಯಲ್ಲಿ ಹೊಟ್ಟೆನೋವು, ಭೇದಿ ಹಬ್ಬಿತು. ಕಾರಣ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಏಕಕೋಶಿ ಪರೋಪಜೀವಿ. ದೇಹದಿಂದ ಹೊರಬಿದ್ದಾಗ ಅದು ಗಟ್ಟಿ ಕವಚದೊಳಗೆ ಮಲಗಿರುತ್ತದೆ. ಅಗಲ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು. ನೀರಿಗೆ ಬೆರೆಸುವ ಕ್ಲೋರಿನ್ ಆ ಕವಚವನ್ನು ಏನೂ ಮಾಡಲಾರದು. ಒಳ್ಳೆಯ ಸೋಸುಪದರ ಬೇಕು, ಇಲ್ಲವೇ ಅದರ ಡಿಎನ್ಎಯನ್ನು ಕೆಡಿಸುವ ನೇರಳಾತೀತ ಬೆಳಕು ಬೇಕು. ಘಟಕದ ಹಳೆಯ ಭಾಗದಲ್ಲಿ ಅಂಥ ತಡೆ ಇರಲಿಲ್ಲ. ಸುಮಾರು ಐದು ತಿಂಗಳು ಊರಿನವರು ನೀರು ಕುದಿಸಿ ಕುಡಿದರು. ಇನ್ನೂರಕ್ಕೂ ಹೆಚ್ಚು ಜನರಲ್ಲಿ ರೋಗ ಖಚಿತವಾಯಿತು. ದಿನವಿಡೀ ಮಳೆ ಸುರಿಯುವ, ಮನೆಮುಂದೆ ಸೆಕೆಂಡಿಗೆ ಲಕ್ಷ ಲೀಟರ್ ಹರಿಯುವ ಊರಿನಲ್ಲಿ ಅಂಗಡಿಯ ಬಾಟಲಿ ನೀರಿಗೆ ಮುಗಿಬಿದ್ದರು. ಮೊದಲ ಬೈಗುಳ ಬಿದ್ದದ್ದು ದನಗಳ ಮೇಲೆ. ಆದರೆ ರೋಗಿಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಜಾತಿ, ಅಂದರೆ ಚರಂಡಿಯ ನೀರು ಎಲ್ಲೋ ಸೇರಿತ್ತು. ಗಾಲ್ವೇ ತನ್ನ ಚರಂಡಿಯನ್ನು ಮಟನ್ ಐಲೆಂಡಿನ ಘಟಕದಲ್ಲಿ ಶುದ್ಧ ಮಾಡತೊಡಗಿದ್ದೇ 2004ರಲ್ಲಿ. ಅದಕ್ಕೂ ಮುಂಚೆ ಎಲ್ಲವೂ ನೇರ ಕೊಲ್ಲಿಗೆ. ಸರೋವರದ ದಡದ ಹಳ್ಳಿಗಳ ಪಾಡು ಬೇರೆ. ಅಲ್ಲಿನವರು ಬಿಟ್ಟದ್ದೆಲ್ಲ ಊರಿನ ನಲ್ಲಿಯ ಮೇಲ್ಗಡೆಯೇ ಸೇರುತ್ತದೆ. ದೊಡ್ಡ ಸರೋವರ ಮಳೆಯ ಗದ್ದಲವನ್ನು ನುಂಗುತ್ತದೆ ಎಂದೆ. ಕೊಳಕನ್ನು ಹಾಗೆ ನುಂಗಿ ಅರಗಿಸಿಕೊಳ್ಳುವ ಶಕ್ತಿಗೆ ಮಿತಿಯಿದೆ.

ಅದೇ ಹೊತ್ತಿಗೆ ಸರೋವರಕ್ಕೆ ಇಬ್ಬರು ಹೊಸ ಬಾಡಿಗೆದಾರರು ಬಂದಿದ್ದರು. 2005ರಲ್ಲಿ ಕಂಡದ್ದು ದಕ್ಷಿಣ ಆಫ್ರಿಕಾ ಮೂಲದ ಲಾಗರೊಸೈಫನ್ ಎಂಬ ನೀರುಕಳೆ. ಅಕ್ವೇರಿಯಂ ಅಂಗಡಿಗಳಲ್ಲಿ ಚೆಲುವಿಗೆ ಮಾರುತ್ತಿದ್ದ ಗಿಡ. ಯುರೋಪಿನಲ್ಲಿರುವುದು ಹೆಣ್ಣು ಗಿಡ ಮಾತ್ರ, ಬೀಜವಿಲ್ಲ; ತುಂಡಾದ ಪ್ರತಿ ಕಾಂಡವೂ ಹೊಸ ಗಿಡವಾಗುತ್ತದೆ. ದೋಣಿಯ ಪ್ರೊಪೆಲರ್ ಅದನ್ನು ಕೊಚ್ಚಿ ಕೊಚ್ಚಿ ಬಿತ್ತಿತು. ಎರಡು ವರ್ಷದ ಮೇಲೆ ಬಂದದ್ದು ಕಪ್ಪು ಸಮುದ್ರದ ಕಡೆಯ ಜೀಬ್ರಾ ಚಿಪ್ಪು. ಉಗುರಿನಷ್ಟಿರುವ ಒಂದೊಂದು ಚಿಪ್ಪೂ ದಿನಕ್ಕೆ ಲೀಟರಿನ ಲೆಕ್ಕದಲ್ಲಿ ನೀರು ಸೋಸಿ ಅದರಲ್ಲಿನ ಪಾಚಿ ತಿನ್ನುತ್ತದೆ. ನೀರು ತಿಳಿಯಾಗುತ್ತದೆ, ನೋಡಿದವರಿಗೆ ಸಂತೋಷ. ಆದರೆ ತಿಳಿನೀರಿನಲ್ಲಿ ಬೆಳಕು ಇನ್ನೂ ಆಳಕ್ಕೆ ಇಳಿಯುತ್ತದೆ, ಬೆಳಕು ಇಳಿದಲ್ಲೆಲ್ಲ ಕಳೆಗೂ ಜಾಗ.

ಕಳೆಯ ವಿರುದ್ಧ ಅಲ್ಲಿನ ಮೀನುಗಾರಿಕಾ ವಿಜ್ಞಾನಿಗಳು ಹೂಡಿದ ಉಪಾಯ ನಮಗೆ ಚೆನ್ನಾಗಿ ಗೊತ್ತಿರುವ ವಸ್ತುವಿನದು: ಸೆಣಬಿನ ಗೋಣಿತಾಟು. ಮುಳುಗುಗಾರರು ಅದನ್ನು ಸರೋವರದ ತಳಕ್ಕೆ ಹಾಸಿದರು. ಕೆಳಗೆ ಸಿಕ್ಕಿದ ಕಳೆ ಬೆಳಕಿಲ್ಲದೆ ಕೆಲವೇ ತಿಂಗಳಲ್ಲಿ ಕೊಳೆಯಿತು. ಪ್ಲಾಸ್ಟಿಕ್ ಹಾಸಿದ್ದರೆ ಎಲ್ಲವೂ ಸಾಯುತ್ತಿತ್ತು. ಗೋಣಿಯ ನೆಯ್ಗೆ ಸಡಿಲ. ಅಲ್ಲಿನ ಮೂಲನಿವಾಸಿ ಪಾಚಿಗಿಡಗಳ ಸಣ್ಣ ಮೊಳಕೆ ಅದರ ಕಣ್ಣುಗಳಲ್ಲಿ ತೂರಿ ಮೇಲೆ ಬಂತು, ದಪ್ಪ ಕಾಂಡದ ಲಾಗರೊಸೈಫನ್‌ಗೆ ಅದು ಸಾಧ್ಯವಾಗಲಿಲ್ಲ. ಮುಂದೆ ಗೋಣಿ ತಾನೇ ಕೊಳೆತು ಮಣ್ಣಾಗುತ್ತದೆ. ಕಳೆ ಇನ್ನೂ ನಿರ್ನಾಮವಾಗಿಲ್ಲ. ಆದರೆ ಇಷ್ಟು ಸರಳವಾದ, ಇಷ್ಟು ಅಗ್ಗದ ಜೀವವಿಜ್ಞಾನ ಕಂಡರೆ ನನಗೆ ಖುಷಿ.

ಈಚೆಗೆ ಮತ್ತೆ ನದಿಯಿಂದ ವಿದ್ಯುತ್ ತೆಗೆಯುವ ಮಾತು ಆಗಾಗ ಕೇಳುತ್ತದೆ. ಕಾಲುವೆಗಳಿವೆ, ಇಳಿತವಿದೆ, ಕಲ್ಲಿದ್ದಲು ಬೇಡದ ಕಾಲ ಇದು; ಕೇಳಿದರೆ ಯಾರಿಗಾದರೂ ಸರಿ ಎನ್ನಿಸುತ್ತದೆ. ಆದರೆ ಸರೋವರ ಮತ್ತು ನದಿ ಈಗ ಯುರೋಪಿನ ಕಾನೂನಿನಡಿ ವಿಶೇಷ ಸಂರಕ್ಷಣಾ ಪ್ರದೇಶ. ಕೆಳಗಿಳಿಯುವ ಸಾಮನ್ ಮರಿಯಾಗಲಿ, ಸರ್ಗಾಸೊ ಸಮುದ್ರದಲ್ಲಿ ಮೊಟ್ಟೆಯಿಡಲು ಹೊರಟ ಹಾವುಮೀನಾಗಲಿ ಟರ್ಬೈನಿನ ಅಲಗಿಗೆ ಸಿಕ್ಕಬಾರದು. ಹಾವುಮೀನಿನ ಸ್ಥಿತಿ ಎಷ್ಟು ಕೆಟ್ಟಿದೆಯೆಂದರೆ 2009ರಿಂದ ಐರ್ಲೆಂಡಿನಲ್ಲಿ ಅದನ್ನು ಹಿಡಿಯುವ ಕಸುಬೇ ಬಂದ್. ಇದಲ್ಲದೆ ಸರೋವರದ ಪಶ್ಚಿಮಕ್ಕೆ ಊಕ್ಟರಾರ್ಡ್ ಬಳಿಯ ಓವೆನ್‌ರಿಫ್ ಹೊಳೆಯಲ್ಲಿ ನೂರು ವರ್ಷ ಬದುಕಬಲ್ಲ ಸಿಹಿನೀರಿನ ಮುತ್ತಿನ ಚಿಪ್ಪುಗಳಿವೆ. ಅವುಗಳ ಮರಿ ಬದುಕಿನ ಮೊದಲ ತಿಂಗಳುಗಳನ್ನು ಕಳೆಯುವುದು ಎಳೆಯ ಸಾಮನ್ ಇಲ್ಲವೇ ಟ್ರೌಟ್ ಮೀನಿನ ಕಿವಿರಿಗೆ ಅಂಟಿಕೊಂಡು. ಆ ಮೀನುಗಳಿಲ್ಲದ ಹೊಳೆಯಲ್ಲಿ ಮುದಿ ಚಿಪ್ಪುಗಳು ಎಷ್ಟೇ ಮರಿ ಉಗುಳಿದರೂ ಒಂದೂ ಬೆಳೆಯುವುದಿಲ್ಲ. ಹಾಗಾಗಿ ಗಾಲ್ವೇಯ ಗೇಟಿನ ಬಳಿ ಯಾರೇ ಟರ್ಬೈನ್ ಕೂರಿಸಲು ಅರ್ಜಿ ಹಾಕಿದರೂ, ಸರೋವರದಾಚೆಯ ಒಂದು ಸಣ್ಣ ಹೊಳೆಯ ತಳದಲ್ಲಿ ಹೂತುಕೊಂಡಿರುವ ಈ ಹಕ್ಕುದಾರರಿಗೂ ಉತ್ತರ ಕೊಡಬೇಕಾಗುತ್ತದೆ.